ಬಿದ್ದು ನಡುಗಿದ್ದೆಲ್ಲ ಫಿಟ್ಸ್ ಅಲ್ಲ

ಆಗಸ್ಟ್ 15ರ ಬೆಳಿಗ್ಗೆ, ಶಾಲೆಯ ಮೈದಾನ. ಮುಖ್ಯ ಅತಿಥಿಗಳ ಭಾಷಣ ಮುಗಿಯುವ ಲಕ್ಷಣವಿಲ್ಲ. ಸಾಲಿನಲ್ಲಿ ನಿಂತ ಎಂಟನೇ ತರಗತಿಯ ಹುಡುಗಿಯೊಬ್ಬಳ ಮುಖ ಬಿಳಿಚಿಕೊಳ್ಳುತ್ತದೆ. "ಮಿಸ್, ಕಣ್ಣು ಕತ್ತಲೆ ಬರ್ತಿದೆ" ಎನ್ನುವಷ್ಟರಲ್ಲಿ ಕುಸಿದು ಬೀಳುತ್ತಾಳೆ. ಬಿದ್ದವಳ ಕೈ ನಾಲ್ಕೈದು ಸಲ ಅದುರುತ್ತದೆ. ಕಣ್ಣು ತೆರೆದೇ ಇದೆ, ಗುಡ್ಡೆ ಮೇಲಕ್ಕೆ ಸರಿದಿದೆ. "ಫಿಟ್ಸ್, ಫಿಟ್ಸ್!" ಎಂದು ಯಾರೋ ಕೂಗುತ್ತಾರೆ. ಇನ್ಯಾರೋ ಸ್ಟಾಫ್‌ರೂಮಿನ ಬೀಗದಕೈ ಗೊಂಚಲು ತಂದು ಅವಳ ಅಂಗೈಗೆ ಒತ್ತುತ್ತಾರೆ. ಅರ್ಧ ನಿಮಿಷದೊಳಗೆ ಹುಡುಗಿ ಕಣ್ಣರಳಿಸಿ "ಏನಾಯ್ತು ಮಿಸ್?" ಎಂದು ಕೇಳುತ್ತಾಳೆ. ಗೆದ್ದಿದ್ದು ಬೀಗದಕೈ. ಹುಡುಗಿಗೆ ಮಾತ್ರ ಫಿಟ್ಸ್ ಎಂಬ ಹಣೆಪಟ್ಟಿ.

ಅವಳಿಗಾದದ್ದು ಬಹುಮಟ್ಟಿಗೆ ಬರೀ ಮೂರ್ಛೆ. ತಿಂಡಿ ತಿನ್ನದೆ ಬಂದಿದ್ದಾಳೆ, ಬಿಸಿಲಿದೆ, ಅಲುಗಾಡದೆ ಬಹಳ ಹೊತ್ತು ನಿಂತಿದ್ದಾಳೆ. ರಕ್ತ ಕಾಲುಗಳಲ್ಲೇ ತಂಗಿ ಬಿ.ಪಿ. ಇಳಿದಿದೆ, ಕೆಲವು ಸೆಕೆಂಡು ಮಿದುಳಿಗೆ ರಕ್ತ ಸಾಲದೆ ಹೋಗಿದೆ. ನೆಲಕ್ಕೆ ಒರಗಿದೊಡನೆ ತಲೆಗೆ ರಕ್ತ ಹರಿಯುವುದು ಸಲೀಸಾಗಿ ಎಚ್ಚರವಾಗಿದೆ. ಫಿಟ್ಸ್ ತರಿಸುವ ಅಪಸ್ಮಾರದ ಬಗೆ ಬೇರೆ. ಅಲ್ಲಿ ಕೊರತೆ ರಕ್ತದ್ದಲ್ಲ. ಮಿದುಳಿನ ನರಕೋಶಗಳು ಒಮ್ಮೆಲೇ ಅಂಕೆ ತಪ್ಪಿ ವಿದ್ಯುತ್ ಸಂಕೇತಗಳನ್ನು ಹೊಮ್ಮಿಸತೊಡಗುತ್ತವೆ. ಒಳಗೆ ನಡೆಯುವುದು ಇಷ್ಟು ಬೇರೆಯಾದರೂ ಹೊರಗೆ ನಿಂತವರಿಗೆ ಕಾಣುವುದು ಒಂದೇ: ಮನುಷ್ಯ ಬಿದ್ದ, ನಡುಗಿದ.

ಈ ಗೊಂದಲದ ಬೆಲೆ ಸಣ್ಣದಲ್ಲ. ಅಪಸ್ಮಾರವಿಲ್ಲದವರು ವರ್ಷಗಟ್ಟಲೆ ಅಪಸ್ಮಾರದ ಮಾತ್ರೆ ನುಂಗುತ್ತಾರೆ. ಆ ಮಾತ್ರೆಗಳಲ್ಲಿ ವಾಲ್‌ಪ್ರೊಯೇಟ್‌ನಂಥವು ಗರ್ಭಿಣಿಯರ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ ತರುವಂಥವು. ಹೆಣ್ಣು ನೋಡಲು ಬಂದವರು ಹಿಂದೆ ಸರಿಯುತ್ತಾರೆ. ಹಿಂದೂ ವಿವಾಹ ಕಾಯ್ದೆಯಿಂದ ಅಪಸ್ಮಾರದ ಉಲ್ಲೇಖವನ್ನು 1999ರಲ್ಲೇ ತೆಗೆದುಹಾಕಿದ್ದರೂ ಊರ ಬಾಯಿಂದ ಅದು ಇನ್ನೂ ಹೋಗಿಲ್ಲ. ಇದಕ್ಕಿಂತ ಘೋರವಾದ ತಪ್ಪೂ ಇದೆ. ಹೃದಯದ ಬಡಿತ ಏರುಪೇರಾಗಿ ಬೀಳುವವರಿಗೆ ಫಿಟ್ಸ್ ಎಂದು ಮಾತ್ರೆ ಕೊಟ್ಟು ಕೂರಿಸಿದರೆ, ಮುಂದಿನ ಸಲ ಬಿದ್ದವರು ಏಳದಿರಬಹುದು. ನಿಜವಾದ ಅಪಸ್ಮಾರವನ್ನು "ಗಾಳಿ ಸೋಕಿದೆ", "ನಿಶ್ಶಕ್ತಿ" ಎಂದು ತಳ್ಳಿಹಾಕಿದವರ ಕಥೆಗಳಂತೂ ಪ್ರತಿ ಊರಲ್ಲೂ ಇವೆ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್ ತಜ್ಞರು ನಡೆಸಿದ ದೊಡ್ಡ ಮನೆಮನೆ ಸಮೀಕ್ಷೆಯಲ್ಲಿ ಸಾವಿರಕ್ಕೆ ಸುಮಾರು 9 ಮಂದಿಗೆ ಅಪಸ್ಮಾರ ಕಂಡುಬಂದಿತ್ತು. ಹಳ್ಳಿಗಳಲ್ಲಿ ಆ ಪ್ರಮಾಣ ನಗರದ ಎರಡರಷ್ಟಿತ್ತು.

ಕಂಡವರು ಮನೆಯಲ್ಲಿ, ಬಿದ್ದವರು ಆಸ್ಪತ್ರೆಯಲ್ಲಿ

ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ. ಘಟನೆ ಕಣ್ಣಾರೆ ಕಂಡವರು ಅಜ್ಜಿಯೋ, ಸಹಪಾಠಿಯೋ, ಪಕ್ಕದ ಅಂಗಡಿಯವರೋ ಆಗಿರುತ್ತಾರೆ. ಡಾಕ್ಟರ ಮುಂದೆ ಕೂರುವುದು ಆ ಹೊತ್ತಿಗೆ ಆಫೀಸಿನಲ್ಲಿದ್ದ ಅಪ್ಪ. "ಏನಾಯ್ತು?" ಎಂದರೆ "ಫಿಟ್ಸ್ ಬಂತಂತೆ ಸಾರ್" ಎನ್ನುತ್ತಾರೆ. ಆ "ಅಂತೆ"ಯ ಮೇಲೆಯೇ ಚಿಕಿತ್ಸೆ ಶುರುವಾಗುತ್ತದೆ. ಬಿದ್ದವರಿಗೆ ತಮಗೇನಾಯಿತೆಂದು ಗೊತ್ತಿರುವುದಿಲ್ಲ. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದು, ಪರೀಕ್ಷಿಸಿದರೆ ಏನೂ ಸಿಗುವುದಿಲ್ಲ. ಹಾಗಾಗಿ ಈ ಕಾಯಿಲೆಯಲ್ಲಿ ನರರೋಗ ತಜ್ಞರು ಎಲ್ಲಕ್ಕಿಂತ ಹೆಚ್ಚು ನೆಚ್ಚಿಕೊಳ್ಳುವುದು ಸ್ಕ್ಯಾನನ್ನಲ್ಲ, ಕಂಡವರ ಮಾತನ್ನು. ಬೀಳುವ ಮುಂಚೆ ಏನು, ಬಿದ್ದಾಗ ಏನು, ಎದ್ದ ಮೇಲೆ ಏನು ಎಂಬ ಮೂರನ್ನು ಒಬ್ಬರು ಸರಿಯಾಗಿ ಹೇಳಿದರೆ ಅರ್ಧ ರೋಗನಿರ್ಣಯ ಮುಗಿದಂತೆ.

ಮುಂಚೆ ಏನಾಯಿತು ಎಂಬಲ್ಲಿಂದ ಹಿಡಿಯೋಣ. ಮೂರ್ಛೆಗೆ ಬಹುತೇಕ ಒಂದು ನೆಪವಿರುತ್ತದೆ: ರೇಷನ್ ಅಂಗಡಿಯ ಕ್ಯೂ, ಮದುವೆಮನೆಯ ಸೆಕೆ, ಉಪವಾಸ, ಇಂಜೆಕ್ಷನ್ ಸೂಜಿ, ರಕ್ತ ಕಂಡದ್ದು, ವಿಪರೀತ ನೋವು, ಬಿಟ್ಟೂ ಬಿಡದ ಕೆಮ್ಮು. ಕೆಲವು ಗಂಡಸರು ನಡುರಾತ್ರಿ ಎದ್ದು ನಿಂತು ಮೂತ್ರ ಮಾಡುವಾಗಲೇ ಕುಸಿಯುತ್ತಾರೆ. ಬೀಳುವ ಮೊದಲು ಹೊಟ್ಟೆ ತೊಳಸುತ್ತದೆ, ಬೆವರು ಕಿತ್ತುಬರುತ್ತದೆ, ಕಿವಿ ಗುಂಯ್‌ಗುಡುತ್ತದೆ, ಕಣ್ಣು ಮಂಜಾಗುತ್ತದೆ. ಫಿಟ್ಸ್ ಹೀಗೆ ನೆಪಕ್ಕೆ ಕಾಯುವುದು ಕಡಿಮೆ. ಕೂತಲ್ಲಿ, ಮಲಗಿದಲ್ಲಿ, ನಿದ್ದೆಯಲ್ಲೂ ಬರುತ್ತದೆ. ಮಲಗಿದ್ದವರಿಗೆ ಸಾಧಾರಣ ಮೂರ್ಛೆ ಬರುವುದು ಅಪರೂಪ ಎಂಬುದನ್ನು ನೆನಪಿಡಿ. ಮಲಗಿದ್ದಲ್ಲೇ ಪ್ರಜ್ಞೆ ತಪ್ಪಿದರೆ ಫಿಟ್ಸನ್ನೋ ಹೃದಯವನ್ನೋ ಅನುಮಾನಿಸಬೇಕು.

ಬಿದ್ದಾಗ ಏನಾಯಿತು? ಮೂರ್ಛೆ ಹೋದವರು ಮೈ ಸಡಿಲವಾಗಿ ಕುಸಿಯುತ್ತಾರೆ, ಮುಖ ಬಿಳಿಚಿರುತ್ತದೆ. ದೊಡ್ಡ ಫಿಟ್ಸ್ ಬಂದವರು ಸೆಟೆದುಕೊಂಡೇ ಬೀಳುತ್ತಾರೆ, ಕೆಲವರು ಬೀಳುವಾಗ ಒಂದು ವಿಕಾರ ಕೂಗು ಹಾಕುತ್ತಾರೆ. ಮೊದಲು ಇಡೀ ಮೈ ಕೊರಡಿನಂತಾಗಿ, ಆಮೇಲೆ ಕೈಕಾಲು ಒಂದೇ ಲಯದಲ್ಲಿ ಜಗ್ಗತೊಡಗಿ, ಜಗ್ಗುವುದು ನಿಧಾನವಾಗುತ್ತಾ ನಿಲ್ಲುತ್ತದೆ. ತುಟಿ ನೀಲಿಗಟ್ಟುತ್ತದೆ. ಇದೆಲ್ಲ ಒಂದರಿಂದ ಮೂರು ನಿಮಿಷದ ಆಟ. ಮೂರ್ಛೆ ಅರ್ಧ ನಿಮಿಷ ದಾಟುವುದು ಕಡಿಮೆ. ಹೊತ್ತಿನ ವಿಚಾರದಲ್ಲಿ ಕಂಡವರ ಅಂದಾಜನ್ನು ಮಾತ್ರ ನಂಬುವಂತಿಲ್ಲ. ಗಾಬರಿಯಲ್ಲಿ 40 ಸೆಕೆಂಡು ಹತ್ತು ನಿಮಿಷದ ಹಾಗೆ ಕಾಣುತ್ತದೆ. ಗಡಿಯಾರ ನೋಡಿ.

ಕೈಕಾಲು ಅದುರಿದ ಮಾತ್ರಕ್ಕೆ ಫಿಟ್ಸ್ ಎಂದು ತೀರ್ಮಾನಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. 1994ರಲ್ಲಿ ಪ್ರಕಟವಾದ ಬರ್ಲಿನ್ ವೈದ್ಯರ ಅಧ್ಯಯನವೊಂದು ಇದಕ್ಕೆ ಒಳ್ಳೆಯ ಪುರಾವೆ. ಆರೋಗ್ಯವಂತ ಸ್ವಯಂಸೇವಕರಿಗೆ ಬೇಕೆಂದೇ ಮೂರ್ಛೆ ಬರಿಸಿ ವಿಡಿಯೊ ಮಾಡಿದರು. ಪೂರ್ತಿ ಪ್ರಜ್ಞೆ ತಪ್ಪಿದ 42 ಜನರಲ್ಲಿ ಸುಮಾರು ಶೇ 90ರಷ್ಟು ಮಂದಿಯ ಕೈಕಾಲು ಅದುರಿತು, ಹೆಚ್ಚಿನವರ ಕಣ್ಣು ತೆರೆದೇ ಇತ್ತು. ಅವರಾರಿಗೂ ಅಪಸ್ಮಾರವಿರಲಿಲ್ಲ. ಮೂರ್ಛೆಯ ಅದುರು ಕೆಲವೇ ಸೆಕೆಂಡಿನದು, ಲಯವಿಲ್ಲದ್ದು, ಅಲ್ಲೊಂದು ಇಲ್ಲೊಂದು. ಅದೂ ಬಿದ್ದ ಮೇಲೆ ಬರುವಂಥದ್ದು. ನಮ್ಮ ಜನ ಇಲ್ಲೊಂದು ಎಡವಟ್ಟು ಮಾಡುತ್ತಾರೆ: ಬಿದ್ದವರನ್ನು ಪಾಪ ಎಂದು ಎತ್ತಿ ಕುರ್ಚಿಯಲ್ಲಿ ಕೂರಿಸುತ್ತಾರೆ, ಕಿಕ್ಕಿರಿದ ಬಸ್ಸಿನಲ್ಲಿ ನಿಂತ ಭಂಗಿಯಲ್ಲೇ ಹಿಡಿದುಕೊಳ್ಳುತ್ತಾರೆ. ಆಗ ತಲೆಗೆ ರಕ್ತ ಮರಳುವುದು ತಡವಾಗಿ ಅದುರು ಜೋರಾಗುತ್ತದೆ. ನೆಲದ ಮೇಲೆ ಮಲಗಿಸಿ ಕಾಲು ಎತ್ತಿ ಹಿಡಿದಿದ್ದರೆ ಅಷ್ಟು ಹೊತ್ತಿಗೆ ಅವರು ಎದ್ದು ನೀರು ಕೇಳುತ್ತಿದ್ದರು.

ಇನ್ನು, ಎದ್ದ ಮೇಲೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಗಟ್ಟಿ ಸುಳಿವು, ಇದನ್ನೇ ಯಾರೂ ಗಮನಿಸುವುದಿಲ್ಲ. ಮೂರ್ಛೆಯಿಂದ ಎದ್ದವರಿಗೆ ಸುಸ್ತಿರಬಹುದು. ಆದರೆ ತಾನೆಲ್ಲಿದ್ದೇನೆ, ಎದುರಿಗಿರುವವರು ಯಾರು ಎಂಬುದು ಕ್ಷಣದಲ್ಲಿ ತಿಳಿಯುತ್ತದೆ. ದೊಡ್ಡ ಫಿಟ್ಸ್‌ನಿಂದ ಹೊರಬಂದವರಿಗೆ ಹಾಗಲ್ಲ. ಗೊರಗೊರ ಉಸಿರು, ಮಂಕು ನೋಟ. ಹೆಸರು ಹಿಡಿದು ಕರೆದರೆ ನೋಡುತ್ತಾರೆ, ಗುರುತಿಸುವುದಿಲ್ಲ. ಕೇಳಿದ್ದನ್ನೇ ಕೇಳುತ್ತಾರೆ. ಆಮೇಲೆ ತಲೆನೋವು, ಮೈಕೈ ನೋವು, ಗಾಢ ನಿದ್ದೆ. ಈ ಮಂಕು ಹತ್ತು ನಿಮಿಷದಿಂದ ಕೆಲವು ಗಂಟೆಗಳವರೆಗೂ ಇರಬಹುದು. ನಾಲಿಗೆಯನ್ನೂ ನೋಡಿ: ಪಕ್ಕದ ಅಂಚು ಕಚ್ಚಿ ಗಾಯವಾಗಿದ್ದರೆ ಫಿಟ್ಸ್‌ನ ಸಾಧ್ಯತೆ ಹೆಚ್ಚು. ತುದಿಯ ಗಾಯ ಬಿದ್ದ ಪೆಟ್ಟಿಗೂ ಆಗಬಹುದು. ಬಟ್ಟೆಯಲ್ಲಿ ಮೂತ್ರವಾಗಿದೆ ಎಂಬುದನ್ನು ಎಲ್ಲರೂ ದೊಡ್ಡ ಸಾಕ್ಷಿಯಂತೆ ಹೇಳುತ್ತಾರೆ. ಅದು ಸಾಕ್ಷಿಯಲ್ಲ, ಮೂತ್ರಕೋಶ ತುಂಬಿದ್ದರೆ ಮೂರ್ಛೆಯಲ್ಲೂ ಹೋಗುತ್ತದೆ.

ಹೃದಯವನ್ನು ಮರೆಯಬಾರದು

ಮೂರ್ಛೆಯಲ್ಲಿ ಹೆಚ್ಚಿನವು ನಿರಪಾಯ. ಹೃದಯದಿಂದ ಬರುವ ಮೂರ್ಛೆ ಮಾತ್ರ ಹಾಗಲ್ಲ. ಓಡುವಾಗ, ಆಡುವಾಗ, ಮೆಟ್ಟಿಲು ಹತ್ತುವಾಗ ಪ್ರಜ್ಞೆ ತಪ್ಪಿದರೆ, ಬೀಳುವ ಮೊದಲು ಎದೆ ಢವಢವ ಎಂದಿದ್ದರೆ, ಯಾವ ಮುನ್ಸೂಚನೆಯೂ ಇಲ್ಲದೆ ಧೊಪ್ಪನೆ ಬಿದ್ದು ಮುಖಕ್ಕೆ ಪೆಟ್ಟಾಗಿದ್ದರೆ, ಅಥವಾ ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹಠಾತ್ತಾಗಿ ತೀರಿಕೊಂಡಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಲಾಂಗ್ ಕ್ಯೂಟಿ ಎಂಬ ಹುಟ್ಟು ದೋಷವಿರುವ ಮಕ್ಕಳು ಈಜುವಾಗ ಅಥವಾ ಅಲಾರಂ ಸದ್ದಿಗೆ ಬೆಚ್ಚಿದಾಗ ಬಿದ್ದು ನಡುಗುತ್ತಾರೆ. ಇದು ವರ್ಷಗಳ ಕಾಲ ಅಪಸ್ಮಾರವೆಂದೇ ನಡೆದುಬಿಡುವುದುಂಟು. ವಯಸ್ಸಾದವರಲ್ಲಿ ಹೃದಯದ ವಿದ್ಯುತ್ ಹಾದಿ ಆಗಾಗ ಕಡಿದುಹೋಗಿ, ಬಡಿತ ಕೆಲವು ಸೆಕೆಂಡು ನಿಂತು ಹೀಗಾಗುತ್ತದೆ. ಅವರಿಗೆ ಬೇಕಿರುವುದು ಪೇಸ್‌ಮೇಕರ್, ಫಿಟ್ಸ್ ಮಾತ್ರೆಯಲ್ಲ.

ಆದ್ದರಿಂದ ಮೊದಲ ಬಾರಿ ಬಿದ್ದ ಯಾರಿಗೇ ಆಗಲಿ ಇಸಿಜಿ ಆಗಲೇಬೇಕು. ತಾಲ್ಲೂಕು ಆಸ್ಪತ್ರೆಯಲ್ಲೂ ಆಗುವ, ಐದೇ ನಿಮಿಷದ ಪರೀಕ್ಷೆ. ದುಬಾರಿ ಎಂಆರ್‌ಐ ಬರೆದುಕೊಟ್ಟು ಇಸಿಜಿ ಮರೆತ ಚೀಟಿ ಕಂಡರೆ "ಸರ್, ಇಸಿಜಿ ಒಂದು ಮಾಡಿಸಬಹುದಾ?" ಎಂದು ಕೇಳಲು ಸಂಕೋಚ ಬೇಡ.

ಬಚ್ಚಲುಮನೆಯಲ್ಲಿ ಬಿದ್ದರೆ

ಇದು ನಮ್ಮ ರಾಜ್ಯದವರು ವಿಶೇಷವಾಗಿ ತಿಳಿದಿರಬೇಕಾದ ಸಂಗತಿ. ತಲೆಗೆ ಎಣ್ಣೆ ಹಚ್ಚಿ, ಹಂಡೆಯ ಬಿಸಿನೀರನ್ನು ಚೊಂಬಿನಲ್ಲಿ ತೋಡಿ ತೋಡಿ ನೆತ್ತಿಗೆ ಸುರಿಯುವುದು ನಮ್ಮ ತಲೆಸ್ನಾನದ ಕ್ರಮ. ಕೆಲವರಿಗೆ ಆ ಬಿಸಿನೀರೇ ಫಿಟ್ಸ್ ತರಿಸುತ್ತದೆ. ಬಿಸಿನೀರಿನ ಅಪಸ್ಮಾರ ಎಂದು ಇದಕ್ಕೆ ಹೆಸರು. ಜಗತ್ತಿನಲ್ಲಿ ಅತಿ ಹೆಚ್ಚು ವರದಿಯಾಗಿರುವ ಜಾಗಗಳಲ್ಲಿ ದಕ್ಷಿಣ ಕರ್ನಾಟಕವೂ ಒಂದು. ಯಳಂದೂರಿನ ಹಳ್ಳಿಗಳಲ್ಲಿ ಅಪಸ್ಮಾರದ ಸಮೀಕ್ಷೆ ನಡೆಸಿದ ಡಾ. ಕೆ.ಎಸ್. ಮಣಿ, ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮೊದಲಾದವರು ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ತಲೆಗೆ ಬಿದ್ದಾಗ, ಸ್ನಾನದ ನಡುವೆ ಅಥವಾ ಮುಗಿಯುತ್ತಿದ್ದಂತೆ ಇದು ಶುರುವಾಗುತ್ತದೆ. ಎಲ್ಲರೂ ಸೆಟೆದು ಬೀಳುವುದಿಲ್ಲ. ಮಗು ನೀರು ಸುರಿದುಕೊಳ್ಳುತ್ತಾ ಸುರಿದುಕೊಳ್ಳುತ್ತಾ ಶೂನ್ಯದೃಷ್ಟಿಯಲ್ಲಿ ಕೂತುಬಿಡುತ್ತದೆ, ಅರ್ಥವಿಲ್ಲದ ಮಾತಾಡುತ್ತದೆ, ಚೊಂಬು ಕೆಳಗಿಡುವುದಿಲ್ಲ. ಕೆಲವರಿಗೆ ಇದರಲ್ಲೊಂದು ಹಿತವೂ ಇದ್ದು, ಬೇಕೆಂದೇ ಇನ್ನಷ್ಟು ಸುರಿದುಕೊಳ್ಳುತ್ತಾರೆ, ಮನೆಯವರು ಬಯ್ಯುತ್ತಾರೆ. ಪರಿಹಾರ ಹಲವರ ವಿಷಯದಲ್ಲಿ ಸರಳ. ನೀರಿನ ಬಿಸಿ ಇಳಿಸಬೇಕು. ಕೆಲವರಿಗೆ ತಲೆಸ್ನಾನಕ್ಕೆ ಮುಂಚೆ ಮಾತ್ರ ನುಂಗುವ ಮಾತ್ರೆಯನ್ನು ವೈದ್ಯರು ಕೊಡುತ್ತಾರೆ.

ಆದರೆ ಬಚ್ಚಲಲ್ಲಿ ಬಿದ್ದವರೆಲ್ಲರದೂ ಇದೇ ಎನ್ನುವಂತಿಲ್ಲ. ಬಿಸಿನೀರಿಗೆ ರಕ್ತನಾಳಗಳು ಹಿಗ್ಗಿ, ಮಣೆಯಿಂದ ತಟ್ಟನೆ ಎದ್ದಾಗ ಬಿ.ಪಿ. ಇಳಿದು ಮೂರ್ಛೆ ಬರಬಹುದು, ಬಿ.ಪಿ. ಮಾತ್ರೆ ನುಂಗುವ ಹಿರಿಯರಲ್ಲಿ ಇದು ಮಾಮೂಲು. ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ: ಕಿಟಕಿಯಿಲ್ಲದ ಬಾತ್‌ರೂಮಿನೊಳಗೆ ಕೂರಿಸಿದ ಗ್ಯಾಸ್ ಗೀಸರ್. ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಒಳಗಿದ್ದವರು ಕುಸಿಯುತ್ತಾರೆ, ಕೆಲವೊಮ್ಮೆ ಕೈಕಾಲು ಸೆಳೆಯುತ್ತದೆ. ಹೊರಗೆ ತಂದು ಗಾಳಿಗೆ ಮಲಗಿಸಿದರೆ ಎಚ್ಚರವಾಗುತ್ತದೆ, "ಫಿಟ್ಸ್ ಇರಬೇಕು" ಎಂಬ ಮಾತು ಹುಟ್ಟುತ್ತದೆ, ಮರುವಾರ ಅದೇ ಬಾತ್‌ರೂಮಿಗೆ ಇನ್ನೊಬ್ಬರು ಹೋಗುತ್ತಾರೆ. ಬಚ್ಚಲಲ್ಲಿ ಯಾರಾದರೂ ಬಿದ್ದರೆ ಗೀಸರ್ ಯಾವುದು, ಎಲ್ಲಿದೆ ಎಂಬುದನ್ನು ಡಾಕ್ಟರಿಗೆ ಹೇಳದೆ ಬರಬೇಡಿ. ಗ್ಯಾಸ್ ಗೀಸರ್ ಇರಬೇಕಾದ ಜಾಗ ಬಾತ್‌ರೂಮಿನ ಹೊರಗೆ.

ನಾಟಕವಲ್ಲ, ಅಪಸ್ಮಾರವೂ ಅಲ್ಲ

ಇನ್ನೊಂದು ಬಗೆಯಿದೆ, ಮನೆಯವರೂ ಕೆಲವು ಆಸ್ಪತ್ರೆಗಳ ಸಿಬ್ಬಂದಿಯೂ ಅತಿ ಹೆಚ್ಚು ಕಠಿಣವಾಗಿ ನಡೆದುಕೊಳ್ಳುವುದು ಇದರ ಬಗ್ಗೆಯೇ. ಹೊಸದಾಗಿ ಮದುವೆಯಾದ ಹುಡುಗಿ, ಪಿಯುಸಿ ಪರೀಕ್ಷೆ ಎದುರಿಗಿರುವ ವಿದ್ಯಾರ್ಥಿ, ದೌರ್ಜನ್ಯ ಕಂಡವರು, ಯಾವ ಹೊರಗಾರಣವೂ ತೋರದವರು ಹೀಗೆ ಯಾರಿಗಾದರೂ ಬರಬಹುದು. ಮನಸ್ಸಿನ ಒತ್ತಡ ದೇಹದ ಮೂಲಕ ಹೊರಬೀಳುವ ಈ ಸೆಳೆತಕ್ಕೆ ಮಿದುಳಿನ ವಿದ್ಯುತ್ ಏರುಪೇರು ಕಾರಣವಲ್ಲ. ಕೆಲವು ಲಕ್ಷಣಗಳು ಸುಳಿವು ಕೊಡುತ್ತವೆ. ಅಪಸ್ಮಾರದಲ್ಲಿ ಕಣ್ಣು ಸಾಮಾನ್ಯವಾಗಿ ತೆರೆದಿರುತ್ತದೆ. ಇಲ್ಲಿ ಗಟ್ಟಿಯಾಗಿ ಮುಚ್ಚಿರುತ್ತದೆ, ನಾವು ರೆಪ್ಪೆ ಬಿಡಿಸಹೋದರೆ ಬಿಗಿ ಹೆಚ್ಚುತ್ತದೆ. ತಲೆ ಎಡಕ್ಕೂ ಬಲಕ್ಕೂ ಹೊರಳಾಡುತ್ತದೆ. ನಡುಕ ಜೋರಾಗಿ, ನಿಂತು, ಮತ್ತೆ ಶುರುವಾಗಿ, ಹತ್ತು ನಿಮಿಷ, ಅರ್ಧ ಗಂಟೆ ಎಳೆಯಬಹುದು. ನಡುವೆ ಅಳುವುದುಂಟು. ಅಷ್ಟು ಹೊತ್ತು ನಡುಗಿದರೂ ತುಟಿ ನೀಲಿಗಟ್ಟಿರುವುದಿಲ್ಲ.

ಇಷ್ಟು ಓದಿ, ಕಣ್ಣು ಮುಚ್ಚಿದ್ದಾಳೆ, ಆದ್ದರಿಂದ ನಾಟಕ ಎಂದು ಯಾರಾದರೂ ತೀರ್ಪು ಕೊಟ್ಟರೆ ಈ ಪ್ಯಾರಾ ಬರೆದದ್ದೇ ದಂಡ. ಬಿದ್ದವರು ಇದನ್ನು ಬೇಕೆಂದು ಮಾಡುತ್ತಿಲ್ಲ, ತಡೆಯುವುದೂ ಅವರ ಕೈಯಲ್ಲಿಲ್ಲ. ಚಿವುಟುವುದು, ಕಪಾಳಕ್ಕೆ ಬಾರಿಸುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಚಪ್ಪಲಿ ಮೂಸಿಸುವುದು ಇವೆಲ್ಲ ಶುದ್ಧ ಕ್ರೌರ್ಯ. ಮೇಲಾಗಿ ಇವರಲ್ಲಿ ಕೆಲವರಿಗೆ ನಿಜವಾದ ಅಪಸ್ಮಾರವೂ ಜೊತೆಗಿರುತ್ತದೆ. ಹಣೆಯ ಭಾಗದ ಮಿದುಳಿನಿಂದ ಬರುವ ಕೆಲವು ನಿಜ ಫಿಟ್ಸ್‌ಗಳೂ ನೋಡುವುದಕ್ಕೆ ನಾಟಕದಂತೆಯೇ ಇರುತ್ತವೆ. ಬರೀ ನೋಡಿ ಹೇಳುವ ವಿಷಯ ಇದಲ್ಲ. ವಿಡಿಯೊ ಇಇಜಿ ಎಂಬ ಪರೀಕ್ಷೆಯಲ್ಲಿ ರೋಗಿಯ ಚಲನೆಯನ್ನೂ ಮಿದುಳಿನ ಅಲೆಗಳನ್ನೂ ಗಂಟೆಗಟ್ಟಲೆ ಒಟ್ಟಿಗೆ ದಾಖಲಿಸುತ್ತಾರೆ. ಸೆಳೆತ ಬಂದಾಗ ಅಲೆಗಳು ಮಾಮೂಲಾಗಿಯೇ ಇದ್ದರೆ ಉತ್ತರ ಸಿಕ್ಕಂತೆ. ಇದಕ್ಕೆ ಬೇಕಾದ್ದು ಫಿಟ್ಸ್ ಮಾತ್ರೆಯಲ್ಲ, ನುರಿತವರ ಆಪ್ತಸಮಾಲೋಚನೆ ಮತ್ತು ಮನೋಚಿಕಿತ್ಸೆ. ಅದರಿಂದ ಗುಣವಾಗುವವರು ಬಹಳ ಮಂದಿ ಇದ್ದಾರೆ.

ಮಕ್ಕಳ ವಿಷಯ

ಒಂದೂವರೆ ವರ್ಷದ ಮಗುವಿನ ಕೈಯಿಂದ ಮೊಬೈಲ್ ಕಿತ್ತುಕೊಂಡಿರಿ. ಮಗು ಕಿರುಚಿ ಅತ್ತು, ಉಸಿರು ಎಳೆದುಕೊಳ್ಳದೆ ಹಾಗೇ ನಿಂತು, ನೀಲಿಗಟ್ಟಿ, ಕೈಕಾಲು ಬಿಟ್ಟು ಬೀಳುತ್ತದೆ. ಒಂದೆರಡು ಸಲ ಅದುರಲೂಬಹುದು. ತಾಯಿಯ ಜೀವವೇ ಹೋದಂತಾಗುತ್ತದೆ. ಇದು ಉಸಿರುಗಟ್ಟಿ ಅಳುವ ಮಕ್ಕಳಲ್ಲಿ ಕಾಣುವಂಥದ್ದು, ಅಪಸ್ಮಾರವಲ್ಲ. ಗುರುತು ಹಿಡಿಯುವುದು ಕ್ರಮದಿಂದ. ಇಲ್ಲಿ ಮೊದಲು ಅಳು, ಆಮೇಲೆ ನೀಲಿ, ಕೊನೆಗೆ ಅದುರು. ಫಿಟ್ಸ್‌ನಲ್ಲಿ ಮೊದಲು ಸೆಳೆತ, ಆಮೇಲೆ ನೀಲಿ. ಇಂಥ ಮಕ್ಕಳಲ್ಲಿ ಎಷ್ಟೋ ಸಲ ಕಬ್ಬಿಣಾಂಶದ ಕೊರತೆಯಿರುತ್ತದೆ. ರಕ್ತ ಪರೀಕ್ಷಿಸಿ ಅದನ್ನು ಸರಿಪಡಿಸಿದರೆ ಕಡಿಮೆಯಾಗುತ್ತದೆ. ಶಾಲೆಗೆ ಹೋಗುವ ವಯಸ್ಸಿಗೆ ಬಹುತೇಕ ನಿಂತೇ ಹೋಗುತ್ತದೆ.

ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ಜ್ವರ ಏರುವಾಗ ಬರುವ ಸೆಳೆತ ನಿಜವಾದ ಸೆಳೆತವೇ, ಆದರೆ ಬಹುಪಾಲು ಮಕ್ಕಳಿಗೆ ಮುಂದೆ ಅಪಸ್ಮಾರ ಬರುವುದಿಲ್ಲ. ಮೊದಲ ಸಲ ಬಂದಾಗ ಮಾತ್ರ ಮಿದುಳು ಜ್ವರವಲ್ಲ ಎಂದು ಖಾತ್ರಿಯಾಗಲು ತೋರಿಸಲೇಬೇಕು. ಎಳೆಗೂಸು ನಿದ್ದೆಯಲ್ಲಿ ಮಾತ್ರ ಕೈಕಾಲು ಬೆಚ್ಚಿ, ಎಬ್ಬಿಸಿದ ಕೂಡಲೇ ನಿಂತರೆ ಅದು ನಿರಪಾಯ. ರಾತ್ರಿ ಮಲಗಿದ ಒಂದೆರಡು ಗಂಟೆಯೊಳಗೆ ಚೀರಿ ಎದ್ದು ಕೂತು, ನಮ್ಮನ್ನು ಗುರುತಿಸದೆ ಒದ್ದಾಡಿ, ಬೆಳಿಗ್ಗೆ ಏನೂ ನೆನಪಿಲ್ಲ ಎನ್ನುವ ಮಗುವಿನದು ಹೆಚ್ಚಾಗಿ ನಿದ್ದೆಯ ಭಯ. ಅದೇ ರಾತ್ರಿ ನಾಲ್ಕೈದು ಸಲ, ಪ್ರತಿ ಸಲವೂ ಅಚ್ಚೊತ್ತಿದ ಹಾಗೆ ಒಂದೇ ರೀತಿ, ಅರ್ಧ ನಿಮಿಷ ಬಂದುಹೋದರೆ ಅಪಸ್ಮಾರವನ್ನು ಅನುಮಾನಿಸಬೇಕು.

ಮೇಷ್ಟರಿಗೆ ಒಂದು ಮಾತು. ಪಾಠದ ನಡುವೆ ಕೆಲವು ಸೆಕೆಂಡು ಶೂನ್ಯ ನೋಡುತ್ತಾ ನಿಂತುಬಿಡುವ ಮಗುವನ್ನು ಗಮನವಿಲ್ಲ ಎಂದು ಬೆಂಚಿನ ಮೇಲೆ ನಿಲ್ಲಿಸುವ ಮೊದಲು ಭುಜ ಮುಟ್ಟಿ ನೋಡಿ. ಹಗಲುಗನಸು ಮುಟ್ಟಿದರೆ ಒಡೆಯುತ್ತದೆ. ಆಬ್ಸೆನ್ಸ್ ಎಂಬ ಬಗೆಯ ಫಿಟ್ಸ್ ಮುಟ್ಟಿದರೂ ಕರೆದರೂ ಒಡೆಯುವುದಿಲ್ಲ. ಐದರಿಂದ ಹದಿನೈದು ಸೆಕೆಂಡಿನಲ್ಲಿ ತಾನಾಗಿ ಮುಗಿದು, ಮಗು ನಿಲ್ಲಿಸಿದ ಪದದಿಂದಲೇ ಓದು ಮುಂದುವರಿಸುತ್ತದೆ. ದಿನಕ್ಕೆ ಹತ್ತಾರು ಸಲ ಬರಬಹುದು. ಬಿದ್ದು ಒದ್ದಾಡುವುದಿಲ್ಲವಾದ್ದರಿಂದ ಇದು ಕಾಯಿಲೆ ಎಂದೇ ಯಾರಿಗೂ ಹೊಳೆಯುವುದಿಲ್ಲ. ಹದಿಹರೆಯದಲ್ಲಿ ಇನ್ನೊಂದಿದೆ: ಬೆಳಿಗ್ಗೆ ಎದ್ದ ಹೊತ್ತಿನಲ್ಲಿ ಕೈ ಝಾಡಿಸಿದಂತಾಗಿ ಹಲ್ಲುಜ್ಜುವ ಬ್ರಷ್ಷೋ ಕಾಫಿ ಲೋಟವೋ ಹಾರಿಹೋಗುತ್ತದೆ. ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದರಂತೂ ಹೆಚ್ಚು. "ಕೈಯಲ್ಲಿ ಹಿಡಿತ ಇಲ್ಲ ನಿಂಗೆ" ಎಂದು ಬೈಸಿಕೊಳ್ಳುವ ಈ ಮಕ್ಕಳಿಗೆ ಒಂದು ದಿನ ದೊಡ್ಡ ಫಿಟ್ಸ್ ಬಂದಾಗಲೇ ವಿಷಯ ತಿಳಿಯುವುದು. ಆಗಲೂ ಬೆಳಗಿನ ಈ ಝಾಡಿಕೆಯನ್ನು ಡಾಕ್ಟರಿಗೆ ಹೇಳದೆ ಹೋದರೆ ತಪ್ಪು ಮಾತ್ರೆ ಸಿಗಬಹುದು. ಅಪಸ್ಮಾರದ್ದೇ ಕೆಲವು ಮಾತ್ರೆಗಳು ಈ ಬಗೆಯನ್ನು ಹೆಚ್ಚಿಸುತ್ತವೆ.

ಸಕ್ಕರೆ, ಉಪ್ಪು, ಹೆಂಡ, ಬಸಿರು

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು ಊಟ ಬಿಟ್ಟವರು ಬೆವೆತು, ನಡುಗಿ, ಅಸಂಬದ್ಧ ಮಾತಾಡಿ ಪ್ರಜ್ಞೆ ತಪ್ಪಬಹುದು, ಸೆಳೆತವೂ ಬರಬಹುದು. ಗ್ಲೂಕೋಮೀಟರ್ ಇದ್ದರೆ ತಕ್ಷಣ ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕಡಿಮೆ ಇದ್ದು ಎಚ್ಚರವಿದ್ದರೆ ಸಕ್ಕರೆ ನೀರು ಕೊಡಿ, ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ವಾಂತಿಭೇದಿಯಾದ ಅಥವಾ ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವ ವೃದ್ಧರಲ್ಲಿ ರಕ್ತದ ಸೋಡಿಯಂ ಇಳಿದು ಸೆಳೆತ ಬರುತ್ತದೆ. ವರ್ಷಗಟ್ಟಲೆ ಕುಡಿದವರು ಏಕಾಏಕಿ ನಿಲ್ಲಿಸಿದರೆ ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು. ಇವು ನಿಜವಾದ ಸೆಳೆತಗಳೇ, ಆದರೆ ಕಾರಣ ಸರಿಹೋದರೆ ನಿಲ್ಲುವಂಥವು. ಯಾವ ಪ್ರಚೋದನೆಯೂ ಇಲ್ಲದೆ, 24 ಗಂಟೆಗೂ ಹೆಚ್ಚಿನ ಅಂತರದಲ್ಲಿ ಎರಡು ಸಲ ಬಂದರೆ, ಅಥವಾ ಒಮ್ಮೆಯೇ ಬಂದಿದ್ದರೂ ಮರುಕಳಿಸುವ ಸಾಧ್ಯತೆ ಬಹಳ ಇದೆಯೆಂದು ಪರೀಕ್ಷೆಗಳು ಹೇಳಿದರೆ ಮಾತ್ರ ಅದನ್ನು ಅಪಸ್ಮಾರ ಎನ್ನುತ್ತಾರೆ. ಐದು ತಿಂಗಳು ದಾಟಿದ ಗರ್ಭಿಣಿಗೆ ಅಥವಾ ಬಾಣಂತಿಗೆ ಮೊದಲ ಬಾರಿ ಫಿಟ್ಸ್ ಬಂದರೆ ಬಿ.ಪಿ. ಏರಿ ಬರುವ ನಂಜು ಇರಬಹುದು. ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ, ಒಂದು ನಿಮಿಷವೂ ಕಾಯುವಂತಿಲ್ಲ.

ಇಇಜಿ ನಾರ್ಮಲ್ ಬಂದರೆ?

ಎಲ್ಲರ ಪ್ರಶ್ನೆ ಇದೇ. ಮಿದುಳಿನ ಅಲೆಗಳನ್ನು ಹಿಡಿಯುವ ಈ ಪರೀಕ್ಷೆ ಹ್ಯಾನ್ಸ್ ಬರ್ಗರ್ ಎಂಬ ಜರ್ಮನ್ ವೈದ್ಯರ ಕೊಡುಗೆ. 1924ರಲ್ಲಿ ಮೊದಲ ಬಾರಿ ಮನುಷ್ಯರಲ್ಲಿ ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಫಿಟ್ಸ್ ನಿಂತ ಎಷ್ಟೋ ದಿನಕ್ಕೆ ಅರ್ಧ ಗಂಟೆಯ ಇಇಜಿ ಮಾಡಿಸುವುದೆಂದರೆ ಮಳೆ ನಿಂತ ಮೇಲೆ ಆಕಾಶದ ಫೋಟೊ ತೆಗೆದ ಹಾಗೆ. ಮೋಡ ಸಿಕ್ಕರೂ ಸಿಗಬಹುದು, ಇಲ್ಲದೆಯೂ ಇರಬಹುದು. ಅಪಸ್ಮಾರ ಇರುವವರಲ್ಲೂ ಮೊದಲ ಇಇಜಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಮಾತ್ರ ದೋಷ ತೋರಿಸುತ್ತದೆ. ರಾತ್ರಿ ನಿದ್ದೆಗೆಡಿಸಿ ಮಾಡಿದರೆ, ಮತ್ತೆ ಮಾಡಿದರೆ ಹೆಚ್ಚು ಸಿಗುತ್ತದೆ. ಅತ್ತ ಅಪಸ್ಮಾರವೇ ಇಲ್ಲದ ಕೆಲವರ ಇಇಜಿಯಲ್ಲೂ ಸಣ್ಣಪುಟ್ಟ ಏರುಪೇರು ಇರುತ್ತದೆ. ಹಾಗಾಗಿ ರಿಪೋರ್ಟ್ ನಾರ್ಮಲ್ ಎಂದು ಮಾತ್ರೆ ಬಿಡುವುದೂ ತಪ್ಪು, ಅದರಲ್ಲಿ ಒಂದು ಗೆರೆ ಹೆಚ್ಚಿದೆ ಎಂದು ಮಾತ್ರೆ ಶುರುಮಾಡುವುದೂ ತಪ್ಪು. ಸಿಟಿ, ಎಂಆರ್‌ಐ ಕಾರಣ ಹುಡುಕುವುದಕ್ಕೆ: ಹಳೆಯ ಪೆಟ್ಟು, ಗಡ್ಡೆ, ಲಾಡಿಹುಳುವಿನ ಮೊಟ್ಟೆ ಹೊಟ್ಟೆ ಸೇರಿ ಮಿದುಳಲ್ಲಿ ಆಗುವ ಗುಳ್ಳೆ. ಈ ಗುಳ್ಳೆ ನಮ್ಮ ದೇಶದಲ್ಲಿ ಫಿಟ್ಸ್‌ಗೆ ದೊಡ್ಡ ಕಾರಣ. ತೊಳೆಯದ ಸೊಪ್ಪುತರಕಾರಿ, ಕೊಳಕು ಕೈಯಿಂದಲೂ ಬರುವುದರಿಂದ ಮಾಂಸ ತಿನ್ನದವರಿಗೂ ತಪ್ಪಿದ್ದಲ್ಲ.

ಎದುರಿಗೇ ಆದರೆ

ಗಾಬರಿಯಾಗುವುದು ಸಹಜ, ಆದರೂ ಗಡಿಯಾರ ನೋಡಿಕೊಳ್ಳಿ. ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಹತ್ತಿರದ ಒಲೆ, ಕಲ್ಲು, ಚೂಪು ವಸ್ತು ಸರಿಸಿ, ಕೊರಳ ಗುಂಡಿ ಸಡಿಲಿಸಿ. ಜಗ್ಗುವುದು ತಗ್ಗಿದೊಡನೆ ಮಗ್ಗುಲಾಗಿ ಮಲಗಿಸಿ, ಜೊಲ್ಲು ಹೊರಗೆ ಹರಿಯಲಿ. ಬಾಯಿಗೆ ಚಮಚ, ಬೆರಳು, ನೀರು ಯಾವುದೂ ಬೇಡ. ನಾಲಿಗೆ ನುಂಗಿಕೊಳ್ಳುತ್ತಾರೆ ಎಂಬುದು ಸುಳ್ಳು, ಹಲ್ಲು ಮುರಿಯುವುದು ನಿಜ. ಕೈಕಾಲು ಅದುಮಿ ಹಿಡಿಯಬೇಡಿ. ಬೀಗದಕೈ, ಕಬ್ಬಿಣದ ಸರಳಿನಿಂದ ಏನೂ ಆಗದು. ಫಿಟ್ಸ್ ಹೆಚ್ಚಾಗಿ ಎರಡು ಮೂರು ನಿಮಿಷದಲ್ಲಿ ತಾನೇ ನಿಲ್ಲುತ್ತದೆ, ಹೆಸರು ಕಬ್ಬಿಣಕ್ಕೆ. ಐದು ನಿಮಿಷ ದಾಟಿದರೆ, ಒಂದು ನಿಂತು ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ, ನೀರಿನಲ್ಲಿ ಆದರೆ, ತಲೆಗೆ ಪೆಟ್ಟಾದರೆ, ಗರ್ಭಿಣಿಯಾದರೆ, ಮೊದಲ ಬಾರಿಯಾದರೆ 108ಕ್ಕೆ ಫೋನ್ ಮಾಡಿ.

ಇಷ್ಟರ ಮಧ್ಯೆ ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ವಿಡಿಯೊ ಮಾಡಲಿ. ಇದು ಅಮಾನವೀಯ ಎನ್ನಿಸಬಹುದು, ಆದರೆ ಆ ಒಂದು ನಿಮಿಷದ ವಿಡಿಯೊ ಸಾವಿರಾರು ರೂಪಾಯಿಯ ಪರೀಕ್ಷೆಗಳಿಗಿಂತ ಹೆಚ್ಚು ಹೇಳಬಲ್ಲದು. ಮುಖ ಕಾಣಲಿ, ಕಣ್ಣು ತೆರೆದಿದೆಯೋ ಇಲ್ಲವೋ ಗೊತ್ತಾಗಲಿ, ಇಡೀ ಮೈ ಚೌಕಟ್ಟಿನೊಳಗಿರಲಿ. ಹೆಸರು ಹಿಡಿದು ಕರೆಯಿರಿ, ಉತ್ತರ ಬರುತ್ತದೆಯೇ ದಾಖಲಾಗಲಿ. ಸೆಳೆತ ನಿಂತ ಕೂಡಲೇ ಕ್ಯಾಮೆರಾ ಆಫ್ ಮಾಡಬೇಡಿ, ಎಚ್ಚರವಾಗುವ ಬಗೆಯೂ ಸಿಗಲಿ. ಅದು ಡಾಕ್ಟರಿಗೆ ಮಾತ್ರ, ಫ್ಯಾಮಿಲಿ ಗ್ರೂಪಿಗಲ್ಲ. ತೋರಿಸಲು ಹೋಗುವಾಗ ಕಣ್ಣಾರೆ ಕಂಡವರನ್ನೇ ಜೊತೆಗೆ ಕರೆದೊಯ್ಯಿರಿ. ಆಗದಿದ್ದರೆ ಡಾಕ್ಟರ ಎದುರಿನಿಂದಲೇ ಅವರಿಗೆ ಫೋನ್ ಹಚ್ಚಿ ಕೊಡಿ. ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿಯೂ ಇರಲಿ.

ಕೊನೆಯದಾಗಿ ಒಂದು ಎಚ್ಚರಿಕೆ. ಇದನ್ನು ಓದಿ "ನಮ್ಮವಳದು ಬರೀ ಮೂರ್ಛೆ ಇರಬೇಕು" ಎಂದು ಈಗಾಗಲೇ ನಡೆಯುತ್ತಿರುವ ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ನಿಜವಾಗಿ ಅಪಸ್ಮಾರವಿದ್ದು ಮಾತ್ರೆ ಏಕಾಏಕಿ ನಿಂತರೆ, ನಿಲ್ಲದೆ ಬರುವ ಫಿಟ್ಸ್‌ಗೆ ಅದೇ ದಾರಿಯಾಗುತ್ತದೆ. ಅನುಮಾನವಿದ್ದರೆ ಹಳೆಯ ಕಾಗದಪತ್ರ, ವಿಡಿಯೊ ಹಿಡಿದು ನರರೋಗ ತಜ್ಞರಲ್ಲಿ ಎರಡನೇ ಅಭಿಪ್ರಾಯ ಕೇಳಿ; ನಿಲ್ಲಿಸುವುದಾದರೆ ಅವರು ಹೇಳಿದಂತೆ, ಹಂತಹಂತವಾಗಿ ನಿಲ್ಲಿಸಿ.